ರಸ್ತೆಯ ಗೆರೆ ಎಳೆಯುವ ಮೊದಲು: ಯೋಜನೆ ಮಾಡುವವರಿಗೊಂದು ಬಹಿರಂಗ ಪತ್ರ

ನಗರದ ರಸ್ತೆ ಯೋಜನೆಗಳಿಗೆ ಸಹಿ ಹಾಕುವ ಅಧಿಕಾರಿಗಳಿಗೆ, ನಕ್ಷೆ ಮಾಡುವ ಎಂಜಿನಿಯರುಗಳಿಗೆ, ಪರಿಸರ ಅನುಮತಿ ಕೊಡುವ ಸಮಿತಿಗಳ ಸದಸ್ಯರಿಗೆ,

ನಮಸ್ಕಾರ.

ನಗರದ ಒಂದು ರಸ್ತೆಯನ್ನು ಇನ್ನಷ್ಟು ದೂರ ಮುಂದುವರಿಸುವ ಯೋಜನೆ ಬಂದಾಗಲೆಲ್ಲ ಅದರ ಜೊತೆ ಒಂದು ದಪ್ಪ ಪುಸ್ತಕ ಬರುತ್ತದೆ. ಪರಿಸರ ಪರಿಣಾಮ ವರದಿ ಅಂತ ಅದರ ಹೆಸರು. ನಾನು ಹಲವು ವರ್ಷಗಳಿಂದ ಅಂಥ ವರದಿಗಳನ್ನು ಓದುತ್ತಾ ಬಂದಿದ್ದೇನೆ. ಅದು ನನ್ನ ಉದ್ಯೋಗವಲ್ಲ, ಯಾರೂ ಓದು ಅಂತ ಹೇಳಿಲ್ಲ. ರಸ್ತೆ ಆದಮೇಲೆ ಅದರ ಪಕ್ಕದಲ್ಲಿ ಬದುಕುವವರು ನಮ್ಮಂಥವರೇ ತಾನೆ, ಅದಕ್ಕೇ ಓದುತ್ತೇನೆ. ಓದಿ ಮುಚ್ಚಿಟ್ಟಾಗ ಪ್ರತಿ ಸಲವೂ ಒಂದೇ ಮಾತು ಹೇಳಬೇಕು ಅನಿಸುತ್ತದೆ. ಈ ವರದಿಗಳು ತುಂಬ ತಡವಾಗಿ ಶುರುವಾಗುತ್ತವೆ, ತುಂಬ ಬೇಗ ನಿಂತುಬಿಡುತ್ತವೆ.

ತಡ ಅಂದದ್ದು ಯಾಕೆ ಅಂದರೆ, ವರದಿ ಬರೆಯುವವರ ಕೈಗೆ ನಕ್ಷೆ ಸಿಗುವ ಹೊತ್ತಿಗೆ ಅದರ ಮೇಲೆ ಗೆರೆ ಬಿದ್ದಾಗಿರುತ್ತದೆ. ಎಲ್ಲಿಂದ ಎಲ್ಲಿಗೆ, ಎಷ್ಟು ಅಗಲ, ಎಷ್ಟು ಪಥ ಎಲ್ಲ ಮುಗಿದ ಮಾತು. ಕೆಲವು ಕಡೆ ಸರ್ವೆ ಕಲ್ಲೂ ನೆಟ್ಟಾಗಿರುತ್ತದೆ. ಆಮೇಲೆ ವರದಿಗೆ ಉಳಿಯುವ ಕೆಲಸ, ಆ ಗೆರೆಯಿಂದ ಆಗುವ ಪೆಟ್ಟನ್ನು ಒಂಚೂರು ಕಡಿಮೆ ಮಾಡುವುದು. ಇಷ್ಟು ಸಸಿ ನೆಡಿ, ಇಲ್ಲೊಂದು ತಡೆಗೋಡೆ ಕಟ್ಟಿ, ಕೆಲಸ ನಡೆಯುವಾಗ ಧೂಳಿಗೆ ನೀರು ಚಿಮುಕಿಸಿ. ‘ಪರ್ಯಾಯಗಳು’ ಅಂತ ಒಂದು ಅಧ್ಯಾಯ ಇರುತ್ತದೆ, ನಿಜ. ಅದರಲ್ಲಿ ಮೂರು ದಾರಿ ತೋರಿಸುತ್ತಾರೆ. ಮೂರೂ ರಸ್ತೆಗಳೇ, ಒಂದರ ಪಕ್ಕ ಒಂದು. ಅದೇ ಜನರನ್ನು ಅದೇ ಜಾಗಕ್ಕೆ ರೈಲೋ ಬಸ್ಸೋ ಒಯ್ಯಬಹುದೇ, ಈಗಿರುವ ರಸ್ತೆಯ ಸಿಗ್ನಲ್ ಸರಿ ಮಾಡಿದರೆ ಸಾಕಾಗುತ್ತದೆಯೇ, ಆ ತುದಿಗೆ ಅಷ್ಟು ಜನ ಯಾಕಾದರೂ ಹೋಗಬೇಕು ಎಂಬ ಪ್ರಶ್ನೆಗಳು ಆ ಅಧ್ಯಾಯದಲ್ಲಿ ಕಾಣುವುದು ಅಪರೂಪ.

ಈ ಪದ್ಧತಿ ಹುಟ್ಟಿದಾಗ ಹೀಗಿರಲಿಲ್ಲ. 1970ರ ಜನವರಿ 1ರಂದು ಅಮೆರಿಕದ ರಾಷ್ಟ್ರೀಯ ಪರಿಸರ ನೀತಿ ಕಾಯ್ದೆಗೆ ಅಲ್ಲಿನ ಅಧ್ಯಕ್ಷರ ಸಹಿ ಬಿತ್ತು. ತೀರ್ಮಾನ ಮಾಡುವ ಮುಂಚೆ ಪರಿಣಾಮ ನೋಡಿ, ಬೇರೆ ದಾರಿಗಳನ್ನೂ ನೋಡಿ ಎಂಬುದು ಅದರ ಸರಳ ತಿರುಳು. 1978ರಲ್ಲಿ ಬಂದ ಅದರ ನಿಯಮಗಳು ಪರ್ಯಾಯಗಳ ಅಧ್ಯಾಯವನ್ನೇ ವರದಿಯ ಹೃದಯ ಎಂದು ಕರೆದವು. ಏನನ್ನೂ ಕಟ್ಟದೆ ಬಿಟ್ಟರೆ ಏನಾಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು ಎಂದವು. ಆಮೇಲೆ ಹಲವು ದೇಶಗಳು ತಮ್ಮದೇ ರೀತಿಯಲ್ಲಿ ಇದನ್ನು ತಂದುಕೊಂಡವು. ಯುರೋಪಿನಲ್ಲಿ 1985ರಲ್ಲಿ ನಿರ್ದೇಶನ ಬಂತು. ಭಾರತದಲ್ಲಿ 1994ರಲ್ಲಿ ಅಧಿಸೂಚನೆ ಬಂತು, 2006ರಲ್ಲಿ ಅದು ಬದಲಾಯಿತು. ನಿಯಮ ಎಲ್ಲ ಕಡೆ ಹಬ್ಬಿತು. ‘ಮುಂಚೆ’ ಎಂಬ ಮಾತು ಮಾತ್ರ ದಾರಿಯಲ್ಲೆಲ್ಲೋ ಬಿದ್ದುಹೋಯಿತು ಅನಿಸುತ್ತದೆ.

ಅಮೆರಿಕದ ಮೆಂಫಿಸ್ ನಗರದ ಕಥೆ ನಿಮಗೆ ಗೊತ್ತಿರಬಹುದು. ಆ ನಗರದ ನಡುವೆ ಓವರ್‌ಟನ್ ಪಾರ್ಕ್ ಎಂಬ 342 ಎಕರೆಯ ಉದ್ಯಾನ ಇದೆ. ಆರು ಪಥದ ಹೆದ್ದಾರಿಯನ್ನು ಅದರ ಮಧ್ಯದಿಂದಲೇ ಹಾಯಿಸಲು ಯೋಜನೆ ಆಯಿತು. 26 ಎಕರೆ ಹೋಗುತ್ತಿತ್ತು. ಮೃಗಾಲಯ ಒಂದು ಕಡೆ, ಉಳಿದ ಉದ್ಯಾನ ಇನ್ನೊಂದು ಕಡೆ ಆಗುತ್ತಿತ್ತು. ಜನ ಕೋರ್ಟಿಗೆ ಹೋದರು. 1971ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದ ಒಂದು ವಿಷಯ ನನಗೆ ಬಹಳ ಮುಖ್ಯ ಅನಿಸುತ್ತದೆ. ಉದ್ಯಾನದ ಜಾಗ ಯಾವಾಗಲೂ ಅಗ್ಗವೇ. ಸರ್ಕಾರದ್ದೇ ಜಾಗ, ಯಾರ ಮನೆಯನ್ನೂ ಕೆಡವಬೇಕಿಲ್ಲ, ಯಾರಿಗೂ ಪರಿಹಾರ ಕೊಡಬೇಕಿಲ್ಲ. ಬರೀ ಖರ್ಚು ಮತ್ತು ತೊಂದರೆಯನ್ನೇ ತೂಗಿದರೆ ಪ್ರತಿ ರಸ್ತೆಯೂ ಉದ್ಯಾನದ ಮೇಲೇ ಹೋಗುತ್ತದೆ. ಹಾಗಾಗಿ ಆ ತಕ್ಕಡಿಯೇ ಸರಿಯಿಲ್ಲ ಎಂಬ ಅರ್ಥದ ತೀರ್ಪು ಅದು. ಕೊನೆಗೆ ಆ ಹೆದ್ದಾರಿ ನಗರದ ಉತ್ತರದಿಂದ ಸುತ್ತಿಕೊಂಡು ಹೋಯಿತು. ಉದ್ಯಾನ ಉಳಿಯಿತು.

ಕೆರೆ, ಹಳ್ಳ, ಗೋಮಾಳ, ಕುರುಚಲು ಕಾಡು, ಜೌಗು ನೆಲ. ಇವೆಲ್ಲ ನಿಮ್ಮ ನಕ್ಷೆಯಲ್ಲಿ ಖಾಲಿ ಜಾಗಗಳಾಗಿ ಕಾಣುತ್ತವೆ ಅಲ್ವಾ? ಅಲ್ಲಿ ಗೆರೆ ಎಳೆಯುವುದು ಸುಲಭ, ಬೈಯುವವರು ಯಾರೂ ಇಲ್ಲ. ಮೆಂಫಿಸ್ ಉದ್ಯಾನದ ಕಥೆ ಪ್ರತಿ ಊರಲ್ಲೂ ಹೀಗೆ ನಡೆಯುತ್ತದೆ. ಕೇಳುವವರಿಲ್ಲದ ಜಾಗದ ಪರವಾಗಿ ಕೇಳುವುದಕ್ಕೇ ಈ ವರದಿ ಇರುವುದು ಅಂತ ನಾನು ನಂಬಿದ್ದೇನೆ.

ಇನ್ನೊಂದು ಕಥೆ ಹೇಳಲೇಬೇಕು, ಯಾಕೆಂದರೆ ಅದರಲ್ಲಿ ರಸ್ತೆಯೇ ಇಲ್ಲ. ಲಾಸ್ ಏಂಜಲೀಸ್ ಹತ್ತಿರ 710 ಎಂಬ ಹೆದ್ದಾರಿ ಆಲ್‌ಹ್ಯಾಂಬ್ರಾ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಅದನ್ನು ಪ್ಯಾಸಡೀನಾವರೆಗೆ ಮುಂದುವರಿಸಬೇಕು ಎಂಬ ಯೋಜನೆ ದಶಕಗಳ ಕಾಲ ಜೀವ ಹಿಡಿದುಕೊಂಡಿತ್ತು. ರಸ್ತೆ ಬರುವ ಮೊದಲೇ ರಾಜ್ಯದ ಸಾರಿಗೆ ಇಲಾಖೆ ಆ ಗೆರೆಯ ಮೇಲಿದ್ದ 400ಕ್ಕೂ ಹೆಚ್ಚು ಮನೆಗಳನ್ನು ಕೊಂಡುಕೊಂಡಿತು. ಕೋರ್ಟು, ವಿರೋಧ, ನೆಲದಡಿ ಸುರಂಗ ಮಾಡುವ ಯೋಚನೆ ಎಲ್ಲ ಆಯಿತು. 2018ರಲ್ಲಿ ವಿಸ್ತರಣೆಯನ್ನು ಕೈಬಿಟ್ಟು, ಇರುವ ಬೀದಿ ಮತ್ತು ಸಿಗ್ನಲ್‌ಗಳನ್ನು ಸುಧಾರಿಸುವ ದಾರಿಯನ್ನು ಆರಿಸಿಕೊಂಡರು. ಎರಡು ಊರನ್ನು ಕೂಡಿಸುವ ಆ ರಸ್ತೆ ಆಗಲೇ ಇಲ್ಲ. ಆದರೆ ಅಷ್ಟು ವರ್ಷ ಆ ಮನೆಗಳಲ್ಲಿ ಹಲವು ಖಾಲಿ ಬಿದ್ದವು, ರಿಪೇರಿ ಇಲ್ಲದೆ ಹಾಳಾದವು. ಬರೀ ಗೆರೆಯೇ ಒಂದು ಬಡಾವಣೆಯನ್ನು ತಿಂದಿತು.

ಇದನ್ನು ನೀವು ದಿನಾ ನೋಡುತ್ತೀರಿ. ರಸ್ತೆ ಬರುತ್ತದಂತೆ ಎಂಬ ಸುದ್ದಿ ಹಬ್ಬಿದ ಜಾಗದಲ್ಲಿ ಯಾರೂ ಮನೆಗೆ ಇನ್ನೊಂದು ಕೋಣೆ ಸೇರಿಸುವುದಿಲ್ಲ. ಬಾವಿ ತೋಡುವುದಿಲ್ಲ, ಫಸಲು ಬರಲು ಹತ್ತು ವರ್ಷ ಬೇಕಾದ ಗಿಡ ನೆಡುವುದಿಲ್ಲ. ಬ್ಯಾಂಕು ಸಾಲ ಕೊಡಲು ಹಿಂದೆಮುಂದೆ ನೋಡುತ್ತದೆ. ಮಾರಲೂ ಆಗದೆ ಇರಲೂ ಆಗದೆ ಜನ ಸಿಕ್ಕಿಕೊಳ್ಳುತ್ತಾರೆ. ಗೆರೆಯಿಂದ ಸ್ವಲ್ಪ ಆಚೆಗಿರುವ ಹೊಲ ಮಾತ್ರ ರಾತ್ರೋರಾತ್ರಿ ಕೈ ಬದಲಾಗುತ್ತದೆ. ಯಾವ ವರದಿಯ ಯಾವ ಕೋಷ್ಟಕದಲ್ಲೂ ಇದು ಇರುವುದಿಲ್ಲ. ವರದಿಯ ಪ್ರಕಾರ ಪರಿಣಾಮ ಶುರುವಾಗುವುದು ಜೆಸಿಬಿ ಬಂದ ದಿನ.

ಈಗ ವರದಿ ಬೇಗ ನಿಲ್ಲುವ ಮಾತಿಗೆ ಬರುತ್ತೇನೆ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ದಯವಿಟ್ಟು ಓದಿ.

ಪ್ರತಿ ವರದಿಯಲ್ಲೂ ಟ್ರಾಫಿಕ್‌ನ ಎರಡು ಕೋಷ್ಟಕ ಇರುತ್ತವೆ. ಇಪ್ಪತ್ತು ವರ್ಷದ ನಂತರ ರಸ್ತೆ ಇಲ್ಲದಿದ್ದರೆ ಹೀಗೆ, ಇದ್ದರೆ ಹೀಗೆ ಅಂತ. ಮೊದಲನೆಯದರಲ್ಲಿ ಎಲ್ಲ ವಾಹನಗಳೂ ತೆವಳುತ್ತಿರುತ್ತವೆ. ಎರಡನೆಯದರಲ್ಲಿ ಸರಾಗವಾಗಿ ಓಡುತ್ತಿರುತ್ತವೆ. ಸರಾಗವಾಗಿ ಓಡಿದರೆ ಇಂಧನ ಉಳಿಯುತ್ತದೆ, ಹೊಗೆ ಕಡಿಮೆ ಆಗುತ್ತದೆ, ಆದ್ದರಿಂದ ಈ ರಸ್ತೆ ಪರಿಸರಕ್ಕೆ ಒಳ್ಳೆಯದು ಎಂಬಲ್ಲಿಗೆ ಲೆಕ್ಕ ಮುಟ್ಟುತ್ತದೆ. ಮೊದಲ ಸಲ ಓದಿದಾಗ ನಾನೂ ಒಪ್ಪಿಬಿಟ್ಟಿದ್ದೆ. ಆಮೇಲೆ ಎರಡೂ ಕೋಷ್ಟಕವನ್ನು ಅಕ್ಕಪಕ್ಕ ಇಟ್ಟು ನೋಡಿದೆ. ಎರಡರಲ್ಲೂ ಒಟ್ಟು ವಾಹನಗಳ ಓಡಾಟದ ಸಂಖ್ಯೆ ಒಂದೇ! ಅಂದರೆ ರಸ್ತೆ ಕಟ್ಟಿದರೂ ಕಟ್ಟದಿದ್ದರೂ ಜನ ಅಷ್ಟೇ ಸಲ, ಅಷ್ಟೇ ದೂರ ಹೋಗುತ್ತಾರೆ ಎಂದು ಮೊದಲೇ ಹಿಡಿದುಕೊಂಡು ಲೆಕ್ಕ ಹಾಕಿದ್ದಾರೆ. ಇಡೀ ಅಧ್ಯಾಯ ನಿಂತಿರುವುದು ಆ ಒಂದು ಊಹೆಯ ಮೇಲೆ.

ಆ ಊಹೆ ತಪ್ಪು ಎಂದು ಗೊತ್ತಾಗಿ ಬಹಳ ಕಾಲವಾಗಿದೆ. ರಸ್ತೆ ಸಲೀಸಾದರೆ ಬಸ್ಸಿನಲ್ಲಿ ಹೋಗುತ್ತಿದ್ದವರು ಕಾರು ತೆಗೆಯುತ್ತಾರೆ. ಬೆಳಗ್ಗೆ ಆರಕ್ಕೆ ಹೊರಡುತ್ತಿದ್ದವರು ಎಂಟಕ್ಕೆ ಹೊರಡುತ್ತಾರೆ. ಹತ್ತಿರದ ಅಂಗಡಿ ಬಿಟ್ಟು ದೂರದ ಮಾಲ್‌ಗೆ ಹೋಗುತ್ತಾರೆ. ಕೆಲವು ವರ್ಷ ಕಳೆದಮೇಲೆ ಮನೆಯನ್ನೇ ದೂರಕ್ಕೆ ಬದಲಿಸುತ್ತಾರೆ. ಇವರು ಯಾರೂ ತಪ್ಪು ಮಾಡುತ್ತಿಲ್ಲ, ಹೊಸ ರಸ್ತೆ ಕೊಟ್ಟ ಅನುಕೂಲವನ್ನು ಬಳಸುತ್ತಿದ್ದಾರೆ ಅಷ್ಟೇ. 1994ರಲ್ಲಿ ಬ್ರಿಟನ್ ಸರ್ಕಾರದ ಸಲಹಾ ಸಮಿತಿಯೇ ಹೊಸ ರಸ್ತೆಗಳು ಹೊಸ ಟ್ರಾಫಿಕ್ ಹುಟ್ಟಿಸುತ್ತವೆ ಎಂದು ಒಪ್ಪಿತು. 2011ರಲ್ಲಿ ಡುರಾಂಟನ್ ಮತ್ತು ಟರ್ನರ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಅಮೆರಿಕದ ನಗರಗಳ ಅಂಕಿಅಂಶ ಇಟ್ಟು ನೋಡಿದರು. ಅಂತರರಾಜ್ಯ ಹೆದ್ದಾರಿಯ ಪಥಗಳು ಶೇಕಡಾ ಎಷ್ಟು ಹೆಚ್ಚಿದವೋ, ಆ ಹೆದ್ದಾರಿಗಳಲ್ಲಿ ವಾಹನಗಳ ಓಟವೂ ಹೆಚ್ಚುಕಡಿಮೆ ಶೇಕಡಾ ಅಷ್ಟೇ ಹೆಚ್ಚಿತ್ತು. ಅಷ್ಟೆಲ್ಲ ಕಟ್ಟಿದ್ದು ತುಂಬಿಕೊಂಡಿತು ಎಂದರ್ಥ.

ನಿಮ್ಮಲ್ಲಿ ಅನೇಕರಿಗೆ ಇದು ಕಾಲೇಜಿನಿಂದಲೇ ಗೊತ್ತು. ಹಾಗಿದ್ದೂ ಒಂದೇ ಸಂಖ್ಯೆಯನ್ನು ಎರಡೂ ಕೋಷ್ಟಕದಲ್ಲಿ ಬರೆಯುತ್ತೀರಿ, ಅದು ನನಗೆ ನೋವು ಕೊಡುತ್ತದೆ. ಆ ಸಂಖ್ಯೆ ತಪ್ಪಾದರೆ ಗಾಳಿಯ ಅಧ್ಯಾಯ ತಪ್ಪು, ಶಬ್ದದ ಅಧ್ಯಾಯ ತಪ್ಪು, ಲಾಭದ ಲೆಕ್ಕವೂ ತಪ್ಪು. ಎಲ್ಲ ಅಧ್ಯಾಯವೂ ಅದೇ ಬಾವಿಯಿಂದ ನೀರು ಸೇದುತ್ತದೆ.

ಶಬ್ದದ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ವಾಹನಗಳು ಎರಡು ಪಟ್ಟಾದರೂ ಸರಾಸರಿ ಶಬ್ದ 3 ಡೆಸಿಬಲ್ ಮಾತ್ರ ಹೆಚ್ಚುತ್ತದೆ, ಆ ಅಳತೆಯ ಗುಣವೇ ಹಾಗೆ. ಹಾಗಾಗಿ ‘ಹೆಚ್ಚಳ ಅತ್ಯಲ್ಪ’ ಎಂದು ಬರೆಯುವುದು ಸುಲಭ. ರಾತ್ರಿ ಎರಡು ಗಂಟೆಗೆ ಲಾರಿಯ ಸದ್ದಿಗೆ ಎದ್ದು ಕೂರುವ ಮಗುವಿಗೆ ಸರಾಸರಿ ಅಂದರೇನು ಅಂತ ಗೊತ್ತಿಲ್ಲ. ರಾತ್ರಿಯ ಲೆಕ್ಕವನ್ನು ಬೇರೆ ಕೊಡಿ, ಎಷ್ಟು ಸಲ ಎಚ್ಚರ ಆಗಬಹುದು ಎಂಬುದನ್ನು ಕೊಡಿ.

ರಸ್ತೆ ಎಲ್ಲಿ ಮುಗಿಯುತ್ತದೋ ಅಲ್ಲಿಂದಲೇ ಅದರ ದೊಡ್ಡ ಕೆಲಸ ಶುರುವಾಗುತ್ತದೆ. ತುದಿಯಲ್ಲಿ ನೆಲ ಅಗ್ಗ. ರಸ್ತೆ ತಲುಪಿದ ಮೇಲೆ ಅಲ್ಲಿ ಲೇಔಟ್ ಬರುತ್ತದೆ, ಗೋದಾಮು ಬರುತ್ತದೆ. ನೀರಿನ ಪೈಪು, ಒಳಚರಂಡಿ, ಶಾಲೆ, ಬಸ್ಸು ಯಾವುದೂ ಅಷ್ಟು ಬೇಗ ಬರುವುದಿಲ್ಲ. ಬೋರ್‌ವೆಲ್ ಬರುತ್ತದೆ, ಟ್ಯಾಂಕರ್ ಬರುತ್ತದೆ. ರಸ್ತೆ ಯೋಜನೆ ಎಂದು ನೀವು ಕರೆದದ್ದು ಅಸಲಿಗೆ ನಗರ ಯಾವ ಕಡೆ ಬೆಳೆಯಬೇಕು ಎಂಬ ತೀರ್ಮಾನ. ಆ ತೀರ್ಮಾನವನ್ನು ಯಾರು ಮಾಡಿದರು, ಯಾವ ಸಭೆಯಲ್ಲಿ ಮಾಡಿದರು ಎಂದು ಹುಡುಕಿದರೆ ಸಿಗುವುದಿಲ್ಲ. ಪ್ರದೇಶದ ಯೋಜನೆ ಒಂದು ಕಚೇರಿಯಲ್ಲಿ, ರಸ್ತೆ ಇನ್ನೊಂದು ಕಚೇರಿಯಲ್ಲಿ, ನೀರು ಮತ್ತೊಂದರಲ್ಲಿ. ಮೂರೂ ನಕ್ಷೆಗಳನ್ನು ಒಂದರ ಮೇಲೊಂದು ಇಟ್ಟು ನೋಡಿದ ಮೇಜು ಎಲ್ಲಿದೆ?

ಹೀಗೇ ಆಗಬೇಕು ಅಂತೇನೂ ಇಲ್ಲ. ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ ನಗರಕ್ಕೆ 1947ರಲ್ಲಿ ‘ಬೆರಳು ಯೋಜನೆ’ ಎಂಬ ಒಂದು ಯೋಜನೆ ಮಾಡಿದರು. ನಗರವೇ ಅಂಗೈ, ಬೆರಳುಗಳ ಉದ್ದಕ್ಕೂ ರೈಲು ಮಾರ್ಗ, ಮನೆಗಳು ಆ ಬೆರಳುಗಳ ಮೇಲೆ. ಬೆರಳುಗಳ ನಡುವಿನ ಸಂದಿಯಲ್ಲಿ ಹಸಿರು ಮತ್ತು ಹೊಲ. ಎಲ್ಲಿ ಬೆಳೆಯಬೇಕು, ಎಲ್ಲಿ ಬೆಳೆಯಬಾರದು ಎಂಬುದು ಮೊದಲು, ಯಾವುದರಲ್ಲಿ ಹೋಗಬೇಕು ಎಂಬುದು ಅದರ ಜೊತೆಗೇ. ಆಮೇಲೆ ಅಲ್ಲೂ ಎಳೆದಾಟ ಆಗಿದೆ, ಸಂದಿಗಳ ಮೇಲೆ ಕಣ್ಣು ಬಿದ್ದಿದೆ. ಆದರೂ ಹೊಸ ರಸ್ತೆಯ ಪ್ರಸ್ತಾಪ ಬಂದಾಗ ಅದನ್ನು ಹೋಲಿಸಿ ನೋಡಲು ಒಂದು ಒಪ್ಪಿತ ಚಿತ್ರ ಇದೆಯಲ್ಲ, ಅದೇ ದೊಡ್ಡದು. ಯುರೋಪ್ 2001ರಲ್ಲಿ ಇನ್ನೊಂದು ಹೆಜ್ಜೆ ಇಟ್ಟು, ಒಂದೊಂದು ಕಾಮಗಾರಿಯನ್ನಷ್ಟೇ ಅಲ್ಲದೆ ಇಡೀ ಯೋಜನೆ, ಕಾರ್ಯಕ್ರಮಗಳನ್ನೂ ಮೊದಲೇ ಪರಿಸರದ ಕಣ್ಣಿನಿಂದ ನೋಡಬೇಕು ಎಂದು ನಿರ್ದೇಶನ ತಂದಿತು. ಗೆರೆ ಬೀಳುವ ಮೊದಲಿನ ಪರೀಕ್ಷೆ ಅಂದರೆ ಅದು.

ನೀರಿನ ವಿಷಯ ನನಗೆ ಎಲ್ಲಕ್ಕಿಂತ ಹತ್ತಿರದ್ದು. ರಸ್ತೆಗೆ ಮಣ್ಣು ಏರಿಸಿದರೆ ಅದು ಒಂದು ಉದ್ದನೆಯ ಕಟ್ಟೆ. ಆ ಕಟ್ಟೆಯಲ್ಲಿ ನೀರು ದಾಟಲು ಅಲ್ಲಲ್ಲಿ ಮೋರಿ ಇಡುತ್ತೀರಿ. ಮೋರಿಯ ಅಳತೆಯನ್ನು ಹಳೆಯ ಮಳೆಯ ಲೆಕ್ಕದಿಂದ, ಈಗಿನ ನೆಲದ ಲೆಕ್ಕದಿಂದ ತೆಗೆಯುತ್ತೀರಿ. ಇಂದು ಮೇಲ್ಗಡೆ ಹೊಲ ಇದೆ, ಅರ್ಧ ಮಳೆಯನ್ನು ಮಣ್ಣೇ ಕುಡಿಯುತ್ತದೆ ಅಂದುಕೊಳ್ಳೋಣ. ರಸ್ತೆಯಿಂದಲೇ ನಾಳೆ ಆ ಹೊಲ ಕಾಂಕ್ರೀಟ್ ಆಗುತ್ತದೆ. ಆಗ ಅಷ್ಟೂ ನೀರು ಒಟ್ಟಿಗೆ, ಬೇಗ, ಅದೇ ಮೋರಿಗೆ ಬರುತ್ತದೆ. ತಾನೇ ತರುವ ಬದಲಾವಣೆಯನ್ನು ಲೆಕ್ಕಕ್ಕೆ ಹಿಡಿಯದ ರಸ್ತೆ ಮೇಲಿನವರನ್ನು ಮುಳುಗಿಸುತ್ತದೆ, ಕೆಳಗಿನ ಕೆರೆಯನ್ನು ಒಣಗಿಸುತ್ತದೆ.

ಒಮ್ಮೆ ಒಂದು ಅಹವಾಲು ಸಭೆಯಲ್ಲಿ ವಯಸ್ಸಾದ ಒಬ್ಬ ತಾಯಿ ಎದ್ದು ನಿಂತು, ‘ನಮ್ಮ ಹೊಲದ ಮೇಲಿನ ನೀರು ಆಚೆ ಹೋಗೋದು ಎಲ್ಲಿಂದಪ್ಪಾ?’ ಎಂದು ಕೇಳಿದರು. ವೇದಿಕೆ ಮೇಲಿದ್ದವರು ಪರಿಹಾರದ ಅರ್ಜಿ ಎಲ್ಲಿ ಕೊಡಬೇಕು ಎಂದು ಹೇಳಿ ಕೂರಿಸಿದರು. ಆಮೇಲೆ ಸಭೆಯ ನಡಾವಳಿ ತರಿಸಿ ಓದಿದೆ. ‘ಸಾರ್ವಜನಿಕರು ಪರಿಹಾರದ ಬಗ್ಗೆ ವಿಚಾರಿಸಿದರು’ ಎಂದಿತ್ತು. ಆಯಮ್ಮ ಪರಿಹಾರ ಕೇಳಿರಲಿಲ್ಲ. ಆ ಇಡೀ ದಿನದಲ್ಲಿ ಯಾರಾದರೂ ಕೇಳಿದ ಅತಿ ಒಳ್ಳೆಯ ತಾಂತ್ರಿಕ ಪ್ರಶ್ನೆ ಅದಾಗಿತ್ತು. ಮೋರಿಯ ಅಳತೆಯ ಪ್ರಶ್ನೆ. ಅದು ಕಾಗದದಲ್ಲಿ ಉಳಿಯಲೇ ಇಲ್ಲ.

ರಸ್ತೆಯಿಂದ ಹರಿಯುವ ನೀರಲ್ಲಿ ಏನಿರುತ್ತದೆ ಎಂಬುದೂ ಈಗ ಮೊದಲಿಗಿಂತ ಚೆನ್ನಾಗಿ ಗೊತ್ತಾಗಿದೆ. ಅಮೆರಿಕದ ಸಿಯಾಟಲ್ ನಗರದ ಸುತ್ತಿನ ತೊರೆಗಳಲ್ಲಿ ಮಳೆ ಬಂದ ಕೂಡಲೇ ಕೊಹೊ ಸಾಲ್ಮನ್ ಮೀನುಗಳು ಮೊಟ್ಟೆ ಇಡುವ ಮೊದಲೇ ಸಾಯುತ್ತಿದ್ದವು. ಕಾರಣ ಬಹಳ ವರ್ಷ ತಿಳಿದಿರಲಿಲ್ಲ. 2020ರಲ್ಲಿ ವಿಜ್ಞಾನಿಗಳು ಅದನ್ನು ಹಿಡಿದರು. ಟೈರು ಬೇಗ ಬಿರುಕು ಬಿಡದಿರಲಿ ಎಂದು ರಬ್ಬರಿಗೆ ಸೇರಿಸುವ ಒಂದು ರಾಸಾಯನಿಕ ಗಾಳಿಯ ಓಝೋನ್ ಜೊತೆ ಸೇರಿ ವಿಷವಾಗುತ್ತದೆ. ಟೈರು ಸವೆದ ಪುಡಿಯ ಜೊತೆ ಅದು ತೊರೆಗೆ ಇಳಿಯುತ್ತದೆ. ಎಲ್ಲ ವಾಹನವೂ ವಿದ್ಯುತ್ತಿನಲ್ಲಿ ಓಡಿದರೂ ಟೈರು ಸವೆಯುತ್ತದೆ ಅಲ್ವಾ? ಮುಂದೆ ಹೊಗೆ ಇರುವುದಿಲ್ಲ, ಆದ್ದರಿಂದ ಚಿಂತೆ ಬೇಡ ಎಂದು ಬರೆದ ವರದಿಗಳನ್ನು ಓದುವಾಗ ನನಗೆ ಆ ಮೀನುಗಳು ನೆನಪಾಗುತ್ತವೆ.

ಇನ್ನು ತುಂಡು ಮಾಡುವ ಅಭ್ಯಾಸ. ಉದ್ದದ ರಸ್ತೆಗೆ ಪೂರ್ಣ ಪರೀಕ್ಷೆ ಬೇಕು ಎಂದಾದರೆ ರಸ್ತೆಯನ್ನೇ ಚಿಕ್ಕದು ಮಾಡಿಬಿಡುವುದು. ಹಿಮಾಲಯದ ಚಾರ್‌ಧಾಮ್ ಹೆದ್ದಾರಿ ಒಟ್ಟು ಸುಮಾರು 900 ಕಿಲೋಮೀಟರ್. ಅದನ್ನು 53 ಕಾಮಗಾರಿಗಳಾಗಿ ವಿಂಗಡಿಸಲಾಯಿತು. ಭಾರತದ ನಿಯಮದಲ್ಲಿ 100 ಕಿಲೋಮೀಟರಿಗಿಂತ ಉದ್ದದ ಹೆದ್ದಾರಿ ವಿಸ್ತರಣೆಗೆ ಪರಿಣಾಮ ಅಧ್ಯಯನ ಬೇಕು. ಬಿಡಿಬಿಡಿಯಾಗಿ ನೋಡಿದಾಗ ಆ ಮಿತಿ ಯಾವುದನ್ನೂ ಮುಟ್ಟಲಿಲ್ಲ. ನಗರದ ರಸ್ತೆಗಳಲ್ಲೂ ಇದೇ ನಡೆಯುತ್ತದೆ. ಮೊದಲ ಹಂತ, ಎರಡನೇ ಹಂತ, ಕೂಡು ರಸ್ತೆ, ಮೇಲ್ಸೇತುವೆ ಎಂದು ಬೇರೆಬೇರೆ ಕಡತ. ಮೊದಲ ಹಂತ ಹೊಲದ ನಡುವೆ ನಿಂತ ಮೇಲೆ ಎರಡನೆಯದನ್ನು ಬೇಡ ಎನ್ನುವ ಧೈರ್ಯ ಯಾರಿಗಿದೆ? ಬೆಟ್ಟಕ್ಕೆ, ಹಳ್ಳಕ್ಕೆ ಕಡತಗಳ ಗಡಿ ಗೊತ್ತಿಲ್ಲ. ಅದು ಎಲ್ಲ ಹಂತದ ಭಾರವನ್ನೂ ಒಟ್ಟಿಗೇ ಹೊರುತ್ತದೆ.

ಹಳೆಯ ಮಾಹಿತಿಯ ಬಗ್ಗೆ ನಾನು ಉದ್ದ ಬರೆಯಬೇಕಿಲ್ಲ, ಬೆಂಗಳೂರಿನ ಪೆರಿಫೆರಲ್ ರಿಂಗ್ ರಸ್ತೆಯ ತೀರ್ಪು ಇದೆ. ಸುಮಾರು 65 ಕಿಲೋಮೀಟರಿನ ಎಂಟು ಪಥದ ರಸ್ತೆ. ಅಧ್ಯಯನ ಹೇಗಿರಬೇಕು ಎಂದು ನಿಗದಿಯಾದದ್ದು 2009ರಲ್ಲಿ, ಅನುಮತಿ ಸಿಕ್ಕಿದ್ದು 2014ರಲ್ಲಿ. ಅರ್ಜಿಯಲ್ಲಿ ನೂರರ ಲೆಕ್ಕದಲ್ಲಿದ್ದ ಮರಗಳು ಅಂತಿಮ ವರದಿಯಲ್ಲಿ 16,000 ದಾಟಿದ್ದವು. 2020ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒಪ್ಪದೆ ಹೊಸದಾಗಿ ಅಧ್ಯಯನ ಮಾಡಿ ಎಂದಿತು. ಹತ್ತು ವರ್ಷ ಹೋಯಿತು. ಇದರಲ್ಲಿ ಗೆದ್ದವರು ಯಾರು ಹೇಳಿ? ರಸ್ತೆ ಬೇಕಾಗಿದ್ದವರಿಗೆ ರಸ್ತೆ ಸಿಗಲಿಲ್ಲ, ಜಮೀನು ಹೋಗುವ ರೈತರಿಗೆ ನೆಮ್ಮದಿ ಸಿಗಲಿಲ್ಲ. ಪರೀಕ್ಷೆ ಕೆಲಸವನ್ನು ನಿಧಾನ ಮಾಡುತ್ತದೆ ಎಂದು ದೂರುವಾಗ ದಯವಿಟ್ಟು ಈ ತೀರ್ಪನ್ನು ಒಮ್ಮೆ ಓದಿ. ಅಲ್ಲಿ ನಿಧಾನ ಮಾಡಿದ್ದು ಕೆಟ್ಟ ಪರೀಕ್ಷೆ.

ನಾನು ರಸ್ತೆಯ ವಿರೋಧಿಯಲ್ಲ. ಊರಿನ ಅಂಚಿನಲ್ಲಿ ಇದ್ದುಕೊಂಡು ದಿನಾ ಮೂರು ಗಂಟೆ ಓಡಾಟದಲ್ಲಿ ಕಳೆಯುವವರ ಸುಸ್ತು ನನಗೆ ಗೊತ್ತು. ಆಂಬುಲೆನ್ಸ್ ಸಿಕ್ಕಿಕೊಂಡದ್ದನ್ನು ಕಣ್ಣಾರೆ ನೋಡಿದ್ದೇನೆ. ಕೆಲವು ರಸ್ತೆ ನಿಜವಾಗಿಯೂ ಬೇಕು. ಅದು ಬೇಕೋ ಬೇಡವೋ ಎಂದು ನಂಬಿಕೆಯಿಂದ ಹೇಳಬಲ್ಲ ಒಂದು ಲೆಕ್ಕ ನಮ್ಮ ಮುಂದೆ ಇರಲಿ ಎಂಬುದಷ್ಟೇ ನನ್ನ ಕೋರಿಕೆ.

ಆ ಲೆಕ್ಕ ನಂಬುವಂತಿರಬೇಕಾದರೆ ಅದನ್ನು ಬರೆಯುವವರ ಸಂಬಳ ರಸ್ತೆ ಕಟ್ಟುವವರ ಕೈಯಲ್ಲಿ ಇರಬಾರದು. ಈಗ ಬಹಳ ಕಡೆ ಹಾಗೇ ಇದೆ. ನೆದರ್‌ಲೆಂಡ್ಸ್‌ನಲ್ಲಿ ದೊಡ್ಡ ಯೋಜನೆಗಳ ವರದಿಯನ್ನು ಪರಿಶೀಲಿಸಿ ಅಭಿಪ್ರಾಯ ಹೇಳಲು ಸ್ವತಂತ್ರ ತಜ್ಞರ ಆಯೋಗವೇ ಇದೆ, ಅದರ ಸಲಹೆಗಳು ಎಲ್ಲರಿಗೂ ಓದಲು ಸಿಗುತ್ತವೆ. ಅದು ಅಸಾಧ್ಯದ ಕೆಲಸವೇನಲ್ಲ.

ನಿಮ್ಮ ಮುಂದಿನ ರಸ್ತೆಗೆ ನಾನು ಕೇಳುವುದು ಇಷ್ಟು. ಗೆರೆ ಎಳೆಯುವ ಮೊದಲ ಸಭೆಗೇ ಜನರನ್ನು ಕರೆಯಿರಿ, ಖಾಲಿ ನಕ್ಷೆಯ ಮುಂದೆ. ಆ ನಕ್ಷೆಯಲ್ಲಿ ಇಡೀ ಪ್ರದೇಶ ಇರಲಿ, ಹಳ್ಳಕೊಳ್ಳ ಎಲ್ಲ ಅವುಗಳ ಹೆಸರಿನ ಸಮೇತ ಇರಲಿ. ಟ್ರಾಫಿಕ್‌ನ ಎರಡು ಕೋಷ್ಟಕಗಳಲ್ಲಿ ಓಡಾಟದ ಸಂಖ್ಯೆ ಒಂದೇ ಇದ್ದರೆ ಆ ವರದಿಯನ್ನು ಸಮಿತಿ ವಾಪಸ್ ಕಳಿಸಲಿ. ಎಲ್ಲ ಹಂತಗಳನ್ನೂ ಒಂದೇ ಕಡತದಲ್ಲಿ ಇಡಿ. ವರದಿ ಪೂರ್ತಿಯಾಗಿ ಜನರ ಭಾಷೆಯಲ್ಲಿ ಸಿಗಲಿ, ಬರೀ ನಾಲ್ಕು ಪುಟದ ಸಾರಾಂಶ ಸಾಲದು. ರಸ್ತೆ ಆಗಿ ಐದು ವರ್ಷಕ್ಕೆ ಮತ್ತೆ ಹೋಗಿ ಅಳೆಯಿರಿ, ಊಹಿಸಿದ್ದೆಷ್ಟು ಆಗಿದ್ದೆಷ್ಟು ಎಂದು ಅದನ್ನೂ ಪ್ರಕಟಿಸಿ. ಮತ್ತೆ ಯಾರಾದರೂ ಎದ್ದು ನಿಂತು ನೀರು ಎಲ್ಲಿಂದ ಹೋಗುತ್ತದೆ ಎಂದು ಕೇಳಿದರೆ, ಆ ಮಾತನ್ನು ಅವರು ಹೇಳಿದ ಹಾಗೇ ಬರೆದುಕೊಳ್ಳಿ, ಎದುರಿಗೆ ಮೋರಿಯ ಅಳತೆ ಬರೆಯಿರಿ.

ಇಂತಿ,
ನಿಮ್ಮ ವರದಿಗಳ ಒಬ್ಬ ಓದುಗ